ಸಂದೇಶ ಕಳುಹಿಸಿದವರು ಯಾರು? ಲಾಗಿನ್ ಸಹಿತ ತ್ವರಿತ ಸಂವಾದ ತಂತ್ರಾಂಶದ ಕಾರ್ಯವಿಧಾನ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಲ್ಲಿ ಡಿಸೆಂಬರ್ ತಿಂಗಳಿನಿಂದ ಮುಂಗಾರು ಹಿಡಿಯುವವರೆಗೆ ಒಂದು ಸುದ್ದಿಗೆ ಬೇರೆಲ್ಲ ಸುದ್ದಿಗಳಿಗಿಂತ ಹೆಚ್ಚಿನ ತೂಕವಿರುತ್ತದೆ. ಕಾಡಿನಂಚಿನಲ್ಲಿ ಮಂಗವೊಂದು ಸತ್ತು ಬಿದ್ದಿದೆ ಎಂಬುದೇ ಆ ಸುದ್ದಿ. ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು 2018ರ ಡಿಸೆಂಬರ್‌ನಿಂದ ಮುಂದಿನ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವು ಜೀವಗಳನ್ನು ಬಲಿ ಪಡೆದುದನ್ನು ಸದಸ್ಯರು ಮರೆತಿರಲಾರರು. ಸತ್ತ ಮಂಗನ ಮೈಮೇಲಿನ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ದರಗು ಗುಡಿಸಲು, ಸೌದೆ ತರಲು, ದನ ಮೇಯಿಸಲು ಅದೇ ಜಾಗಕ್ಕೆ ಹೋದವರಿಗೆ ಅವು ಕಚ್ಚುತ್ತವೆ. ಆದುದರಿಂದ ಮಂಗ ಬಿದ್ದ ಜಾಗ ಯಾವುದು, ಕಂಡವರು ಯಾರು, ಕಂಡದ್ದು ಯಾವಾಗ ಎಂಬ ಮೂರು ಸಂಗತಿಗಳು ಅದೇ ದಿನ ಆರೋಗ್ಯ, ಪಶುಪಾಲನೆ ಹಾಗೂ ಅರಣ್ಯ ಇಲಾಖೆಗಳ ಸಿಬ್ಬಂದಿಗೆ ತಲುಪಬೇಕು.

ಇಂದು ಇಂತಹ ಸುದ್ದಿ ಸಾಮಾನ್ಯವಾಗಿ ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ಹರಿಯುತ್ತದೆ. ಒಂದು ಚಿತ್ರ ಬರುತ್ತದೆ. ಅದರ ಕೆಳಗೆ ಊರಿನ ಹೆಸರು ಇರುವುದಿಲ್ಲ. ಕೇಳಿದರೆ, ಕಳುಹಿಸಿದವರಿಗೂ ಅದು ಇನ್ನೊಂದು ಗುಂಪಿನಿಂದ ಬಂದದ್ದು. ಆ ಚಿತ್ರ ಈ ವರ್ಷದ್ದೋ ಕಳೆದ ವರ್ಷದ್ದೋ ಎಂಬುದು ತಿಳಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ವಾಟ್ಸ್‌ಆ್ಯಪ್ ಇದಕ್ಕೆ ಹೊಣೆಯಲ್ಲ. ಅದು ದೂರವಾಣಿ ಸಂಖ್ಯೆಯನ್ನು ಗುರುತಿಸುತ್ತದೆಯೇ ಹೊರತು ಆ ಸಂಖ್ಯೆಯ ಹಿಂದಿರುವವರು ಯಾವ ವಾರ್ಡಿನ ಸದಸ್ಯರು, ಯಾವ ಉಪಕೇಂದ್ರದ ಆಶಾ ಕಾರ್ಯಕರ್ತೆ ಎಂಬುದನ್ನು ತಿಳಿಯುವ ಸಾಧನವಲ್ಲ. ಅಲ್ಲಿ ನಡೆದ ಮಾತುಕತೆಯ ದಾಖಲೆಯೂ ಪಂಚಾಯಿತಿಯ ಬಳಿ ಉಳಿಯುವುದಿಲ್ಲ. ಅದು ಸದಸ್ಯರ ಖಾಸಗಿ ಫೋನುಗಳಲ್ಲಿ ಹಂಚಿಹೋಗಿರುತ್ತದೆ.

ಈ ಕೊರತೆಯನ್ನು ಕಂಡು, ಪಂಚಾಯಿತಿಗಳಿಗೆಂದೇ ಒಂದು ಸಣ್ಣ ಸಂವಾದ ತಂತ್ರಾಂಶವನ್ನು ರಚಿಸಿಕೊಡುವುದಾಗಿ ಕಾಲೇಜಿನ ವಿದ್ಯಾರ್ಥಿಗಳೋ ಖಾಸಗಿ ಸಂಸ್ಥೆಯವರೋ ಮುಂದೆ ಬರುವುದುಂಟು. ಅದನ್ನು ರಚಿಸುವುದು ಇಂದು ಕಷ್ಟದ ಕೆಲಸವಲ್ಲ. ನೋಡ್ ಜೆಎಸ್, ಜ್ಯಾಂಗೋ, ಪೋಸ್ಟ್‌ಗ್ರೆಸ್‌ನಂತಹ ಉಚಿತ ಸಾಧನಗಳಿವೆ. ವೆಬ್ ತಂತ್ರಾಂಶ ಬಲ್ಲ ಒಬ್ಬರು ಕೆಲವೇ ದಿನಗಳಲ್ಲಿ ಒಂದು ಮಾದರಿಯನ್ನು ತೋರಿಸಬಲ್ಲರು. ಕಷ್ಟವಿರುವುದು, ತೋರಿಸಿದ ಮಾದರಿಯಲ್ಲಿ ಏನು ಇಲ್ಲ ಎಂಬುದನ್ನು ಕಂಡುಹಿಡಿಯುವುದರಲ್ಲಿ. ಹಣ ಮಂಜೂರು ಮಾಡುವವರು ಸದಸ್ಯರಾದುದರಿಂದ ಅದರ ಒಳಗಿನ ಕಾರ್ಯವಿಧಾನ ಅವರಿಗೆ ತಿಳಿದಿರುವುದು ಅವಶ್ಯಕ.

ತೆರೆದೇ ಇರುವ ಸಂಪರ್ಕ

ಸಾಮಾನ್ಯ ವೆಬ್ ಪುಟದ ವ್ಯವಹಾರವು ಕಚೇರಿಯ ಕಿಟಕಿಯಲ್ಲಿ ನಡೆಯುವ ವ್ಯವಹಾರದಂತೆ. ಫೋನಿನ ಬ್ರೌಸರ್ ಕೇಳುತ್ತದೆ, ದೂರದ ಸರ್ವರ್ ಉತ್ತರ ಕೊಡುತ್ತದೆ, ಅಲ್ಲಿಗೆ ಆ ವ್ಯವಹಾರ ಮುಗಿಯುತ್ತದೆ. ಕೇಳದೆ ಸರ್ವರ್ ತಾನಾಗಿ ಏನನ್ನೂ ಹೇಳಲಾರದು. ಆರ್‌ಟಿಸಿ ಪಡೆಯಲು ಇದು ಸಾಕು. ಸಂವಾದಕ್ಕೆ ಸಾಲದು, ಏಕೆಂದರೆ ಇನ್ನೊಬ್ಬರು ಯಾವ ಗಳಿಗೆಯಲ್ಲಿ ಸಂದೇಶ ಕಳುಹಿಸುವರೆಂಬುದು ಫೋನಿಗೆ ಮೊದಲೇ ತಿಳಿದಿರುವುದಿಲ್ಲ. ಐದು ಸೆಕೆಂಡಿಗೊಮ್ಮೆ "ಹೊಸದೇನಾದರೂ ಇದೆಯೇ" ಎಂದು ಕೇಳುತ್ತಿರುವಂತೆ ಮಾಡಬಹುದು. ಆಗ ಒಂದು ಫೋನು ಗಂಟೆಗೆ 720 ಬಾರಿ ಕೇಳುತ್ತದೆ. ನೂರು ಸದಸ್ಯರು ಪುಟ ತೆರೆದಿಟ್ಟರೆ ಅದು 72,000 ಆಗುತ್ತದೆ. ಅದರಲ್ಲಿ ಬಹುಪಾಲು ಪ್ರಶ್ನೆಗಳಿಗೆ "ಇಲ್ಲ" ಎಂಬುದೇ ಉತ್ತರ. ಬ್ಯಾಟರಿಯೂ ಡೇಟಾವೂ ಅದಕ್ಕೇ ವ್ಯಯವಾಗುತ್ತವೆ.

ಇದಕ್ಕೆ ಪರಿಹಾರವಾಗಿ ವೆಬ್‌ಸಾಕೆಟ್ ಎಂಬ ವಿಧಾನ ಬಂದಿತು. 2011ರಲ್ಲಿ ಇದನ್ನು ಅಂತರಜಾಲದ ಮಾನದಂಡವಾಗಿ ಪ್ರಕಟಿಸಲಾಯಿತು. ಇದರಲ್ಲಿ ಫೋನು ಮೊದಲು ಎಂದಿನಂತೆ ಒಂದು ಕೋರಿಕೆ ಕಳುಹಿಸುತ್ತದೆ. ಆದರೆ ಈ ಸಂಪರ್ಕವನ್ನು ಮುಚ್ಚದೆ ಹಾಗೆಯೇ ಇರಿಸಬೇಕೆಂದು ಅದರಲ್ಲಿಯೇ ಕೇಳಿಕೊಂಡಿರುತ್ತದೆ. ಸರ್ವರ್ ಒಪ್ಪಿದರೆ ಅಂದಿನಿಂದ ಎರಡೂ ಕಡೆಯವರು ಬೇಕೆಂದಾಗ ಮಾತನಾಡಬಹುದು. ಫೋನ್ ಕರೆ ಮಾಡಿ ರಿಸೀವರನ್ನು ಕೆಳಗಿಡದೆ ಇದ್ದಂತೆ. ಎರಡೂ ಕಡೆಯವರು ಇನ್ನೂ ಇದ್ದಾರೆಯೇ ಎಂದು ತಿಳಿಯಲು ನಡುನಡುವೆ ಒಂದು ಚಿಕ್ಕ ಸಂಕೇತ ಹೋಗಿ ಬರುತ್ತದೆ. ಹೊಸ ಸಂದೇಶವೊಂದು ಬಂದಾಗ ಸರ್ವರ್ ಅದನ್ನು ಮೊದಲು ತನ್ನ ದತ್ತಾಂಶ ಕೋಶದಲ್ಲಿ ಬರೆದುಕೊಂಡು, ನಂತರ ಆ ಗುಂಪಿನ ಎಲ್ಲ ತೆರೆದ ಸಂಪರ್ಕಗಳಿಗೂ ಕಳುಹಿಸುತ್ತದೆ. ಈ ಕ್ರಮ ತಿರುವುಮುರುವಾಗಬಾರದು. ಮೊದಲು ಕಳುಹಿಸಿ ನಂತರ ಬರೆಯುವ ತಂತ್ರಾಂಶದಲ್ಲಿ, ನಡುವೆ ವಿದ್ಯುತ್ ಹೋದರೆ, ಎಲ್ಲರೂ ಓದಿದ ಸಂದೇಶ ಕಡತದಲ್ಲಿ ಇಲ್ಲದಂತಾಗುತ್ತದೆ.

ಇಲ್ಲಿ ಒಂದು ಮಿತಿಯನ್ನು ಮೊದಲೇ ತಿಳಿದಿರಬೇಕು. ಪುಟವನ್ನು ಮುಚ್ಚಿ ಫೋನನ್ನು ಜೇಬಿಗೆ ಹಾಕಿಕೊಂಡರೆ ಈ ಸಂಪರ್ಕ ಉಳಿಯುವುದಿಲ್ಲ. ಆಗ ಸೂಚನೆ ಬರಬೇಕಾದರೆ ಪುಶ್ ಸೂಚನೆ ಅಥವಾ ಎಸ್‌ಎಂಎಸ್ ವ್ಯವಸ್ಥೆಯನ್ನು ಬೇರೆಯಾಗಿಯೇ ಅಳವಡಿಸಬೇಕು. ಸಭೆಯಲ್ಲಿ ಎರಡು ಫೋನುಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಪ್ರದರ್ಶನದಲ್ಲಿ ಈ ಕೊರತೆ ಕಾಣುವುದೇ ಇಲ್ಲ.

ಹೆಸರು ಯಾರು ಬರೆಯಬೇಕು

ತಂತ್ರಾಂಶಕ್ಕೆ ಲಾಗಿನ್ ಪುಟವಿದೆ ಎಂದ ಮಾತ್ರಕ್ಕೆ ಗುರುತಿನ ಪ್ರಶ್ನೆ ಬಗೆಹರಿಯುವುದಿಲ್ಲ. ಹೊಸದಾಗಿ ಕಲಿತವರು ರಚಿಸುವ ಸಂವಾದ ತಂತ್ರಾಂಶಗಳಲ್ಲಿ ಪದೇ ಪದೇ ಕಾಣುವ ದೋಷ ಒಂದಿದೆ. ಲಾಗಿನ್ ಆದ ಮೇಲೆ, ಫೋನು ಪ್ರತಿ ಸಂದೇಶದ ಜೊತೆಗೆ ಕಳುಹಿಸುವವರ ಹೆಸರನ್ನೂ ತಾನೇ ಬರೆದು ಕಳುಹಿಸುತ್ತದೆ. ಸರ್ವರ್ ಅದನ್ನು ನಂಬಿ ಹಾಗೆಯೇ ಎಲ್ಲರಿಗೂ ತೋರಿಸುತ್ತದೆ. ಫೋನು ಅಥವಾ ಕಂಪ್ಯೂಟರಿನಿಂದ ಹೊರಡುವ ಈ ಹೆಸರನ್ನು ಬದಲಿಸುವುದು ಬ್ರೌಸರಿನ ಒಳಗಿನ ಸಲಕರಣೆಗಳನ್ನು ಬಲ್ಲವರಿಗೆ ಕೆಲವು ನಿಮಿಷಗಳ ಕೆಲಸ. ಆಗ ತನ್ನ ಖಾತೆಯಿಂದಲೇ ಲಾಗಿನ್ ಆದ ವ್ಯಕ್ತಿಯೊಬ್ಬನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಹೆಸರಿನಲ್ಲಿ "ನಾಳೆಯ ಆರೋಗ್ಯ ಶಿಬಿರ ರದ್ದಾಗಿದೆ" ಎಂದು ಬರೆಯಬಹುದು. ಓದಿದವರಿಗೆ ಅನುಮಾನ ಬರಲು ಕಾರಣವೇ ಇರುವುದಿಲ್ಲ. ಲಾಗಿನ್ ಇಲ್ಲದ ವ್ಯವಸ್ಥೆಗಿಂತ ಇದು ಕೆಟ್ಟದ್ದು, ಏಕೆಂದರೆ ಲಾಗಿನ್ ಇದೆ ಎಂಬ ಕಾರಣಕ್ಕೇ ಜನರು ಅದನ್ನು ನಂಬುತ್ತಾರೆ.

ಸರಿಯಾದ ವಿಧಾನದಲ್ಲಿ ಫೋನು ಸಂದೇಶದ ಪಠ್ಯವನ್ನು ಮಾತ್ರ ಕಳುಹಿಸುತ್ತದೆ. ಲಾಗಿನ್ ಆದಾಗ ಸರ್ವರ್ ಒಂದು ಗುಪ್ತ ಗುರುತನ್ನು, ಅಂದರೆ ಊಹಿಸಲಾಗದ ಉದ್ದನೆಯ ಅಕ್ಷರಸರಣಿಯೊಂದನ್ನು, ಆ ಫೋನಿಗೆ ಕೊಟ್ಟಿರುತ್ತದೆ. ಸಂಪರ್ಕ ತೆರೆಯುವಾಗ ಫೋನು ಅದನ್ನು ತೋರಿಸಬೇಕು. ತೋರಿಸದಿದ್ದರೆ ಸಂಪರ್ಕವೇ ತೆರೆಯಬಾರದು. ತೋರಿಸಿದರೆ, ಆ ಗುರುತು ಯಾರದ್ದೆಂದು ಸರ್ವರ್ ತನ್ನ ಪುಸ್ತಕದಲ್ಲಿ ನೋಡಿಕೊಂಡು, ಸಂದೇಶದ ಮೇಲೆ ಹೆಸರನ್ನೂ ಹುದ್ದೆಯನ್ನೂ ತಾನೇ ಬರೆಯಬೇಕು. ಗ್ರಾಮ ಸಭೆಯ ನಡಾವಳಿಯಲ್ಲಿ ಮಾತನಾಡಿದವರ ಹೆಸರನ್ನು ಕಾರ್ಯದರ್ಶಿಯೇ ಬರೆಯುತ್ತಾರೆ. ಮಾತನಾಡಿದವರು ಬಂದು ಇಷ್ಟಬಂದ ಹೆಸರು ಬರೆದುಕೊಳ್ಳುವುದಿಲ್ಲ. ಇದೂ ಹಾಗೆಯೇ. ಸಂದೇಶ ಹೋಗಬೇಕಾದ ಗುಂಪಿನಲ್ಲಿ ಆ ವ್ಯಕ್ತಿ ಇದ್ದಾರೆಯೇ ಎಂಬುದನ್ನು ಸಹ ಸರ್ವರ್ ಪ್ರತಿ ಬಾರಿಯೂ ಪರಿಶೀಲಿಸಬೇಕು. ಪುಟದ ಮೇಲೆ ಆ ಗುಂಪು ಕಾಣದಂತೆ ಮರೆಮಾಡಿದರೆ ಸಾಲದು.

ಪಾಸ್‌ವರ್ಡನ್ನು ಸರ್ವರ್ ಇದ್ದಂತೆಯೇ ಬರೆದಿಟ್ಟುಕೊಳ್ಳಬಾರದು. ಅದನ್ನು ಗಣಿತದ ಬೀಸುಕಲ್ಲಿಗೆ ಹಾಕಿ ಬಂದ ಹಿಟ್ಟನ್ನು ಮಾತ್ರ ಇರಿಸಿಕೊಳ್ಳಬೇಕು. ಹಿಟ್ಟಿನಿಂದ ಮತ್ತೆ ಅಕ್ಕಿಯನ್ನು ಕೂಡಿಸಲಾಗದು. ಆದರೆ ಅದೇ ಅಕ್ಕಿಯನ್ನು ಅದೇ ರೀತಿ ಬೀಸಿದರೆ ಅದೇ ಹಿಟ್ಟು ಬರುತ್ತದೆ. ಸದಸ್ಯರು ಮತ್ತೆ ಲಾಗಿನ್ ಆದಾಗ ಹೋಲಿಸಿ ನೋಡಲು ಅಷ್ಟು ಸಾಕು. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೂ ಹಿಟ್ಟು ಬೇರೆಬೇರೆಯಾಗಿರಲೆಂದು ಬೀಸುವ ಮೊದಲು ಪ್ರತಿಯೊಬ್ಬರಿಗೂ ಬೇರೆಯಾದ ಕೆಲವು ಅಕ್ಷರಗಳನ್ನು ಸೇರಿಸುವುದುಂಟು. ಅವುಗಳಿಗೆ ತಂತ್ರಜ್ಞರು ಉಪ್ಪು ಎಂದೇ ಹೆಸರಿಟ್ಟಿದ್ದಾರೆ. 1999ರಲ್ಲಿ ಬಂದ ಬಿಕ್ರಿಪ್ಟ್ ಮತ್ತು 2015ರ ಸ್ಪರ್ಧೆಯಲ್ಲಿ ಆಯ್ಕೆಯಾದ ಆರ್ಗಾನ್2 ಇಂತಹ ಬೀಸುಕಲ್ಲುಗಳು. ಇವು ಬೇಕೆಂದೇ ನಿಧಾನವಾಗಿ ಬೀಸುತ್ತವೆ. ಕಳ್ಳನು ಕೋಟಿಗಟ್ಟಲೆ ಪದಗಳನ್ನು ಹಾಕಿ ನೋಡುವುದು ಸುಲಭವಾಗಬಾರದು ಎಂಬುದೇ ಅದರ ಉದ್ದೇಶ. ಇದನ್ನು ಪರೀಕ್ಷಿಸಲು ಸದಸ್ಯರಿಗೆ ಗಣಿತ ಬೇಕಿಲ್ಲ. ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದಾಗ ಹಳೆಯ ಪಾಸ್‌ವರ್ಡೇ ಸಂದೇಶದಲ್ಲಿ ಬಂದರೆ, ಅದನ್ನು ಬೀಸದೆ ಇರಿಸಿಕೊಂಡಿದ್ದಾರೆ ಎಂದು ಅರ್ಥ. ಅಂತಹ ತಂತ್ರಾಂಶವನ್ನು ಸ್ವೀಕರಿಸಬಾರದು.

ಪಾಸ್‌ವರ್ಡಿನ ಬದಲು ಮೊಬೈಲಿಗೆ ಬರುವ ಒಟಿಪಿ ಸಾಕೆಂದು ಹಲವರು ಸೂಚಿಸುತ್ತಾರೆ. ಪಟ್ಟಣಕ್ಕೆ ಅದು ಸರಿ. ಆದರೆ ಕೊಡಚಾದ್ರಿಯ ತಪ್ಪಲಿನಲ್ಲೋ ಆಗುಂಬೆಯ ಸುತ್ತಿನಲ್ಲೋ, ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದು ಮೊಬೈಲ್ ಸಂಕೇತ ಗುಡ್ಡ ಹತ್ತಿದರೆ ಮಾತ್ರ ಸಿಗುವ ಮನೆಗಳಿಗೆ ಅದು ಸರಿಹೊಂದದು. ಒಟಿಪಿ ಹಿಡಿಯಲು ಗುಡ್ಡ ಹತ್ತಿ, ಅದನ್ನು ನಮೂದಿಸಲು ಮನೆಗೆ ಇಳಿಯುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಇಂತಹ ಕಡೆ ಪಾಸ್‌ವರ್ಡ್ ಇದ್ದು, ಒಮ್ಮೆ ಲಾಗಿನ್ ಆದ ಫೋನಿನಲ್ಲಿ ಕೆಲವು ವಾರಗಳವರೆಗೆ ಮತ್ತೆ ಕೇಳದಂತೆ ಮಾಡುವುದು ಮೇಲು. ಫೋನು ಕಳೆದುಹೋದರೆ ಆ ಒಂದು ಫೋನಿನ ಗುರುತನ್ನು ಕಚೇರಿಯಿಂದ ರದ್ದುಪಡಿಸುವ ಅವಕಾಶ ಇದರ ಜೊತೆಗೇ ಇರಬೇಕು.

ಖಾತೆಯನ್ನು ಯಾರು ಬೇಕಾದರೂ ತಾವೇ ತೆರೆದುಕೊಳ್ಳುವ ವ್ಯವಸ್ಥೆ ಇಲ್ಲಿ ಬೇಡ. ಸದಸ್ಯರು, ಸಿಬ್ಬಂದಿ ಮತ್ತು ಆಶಾ ಕಾರ್ಯಕರ್ತೆಯರ ಪಟ್ಟಿ ಪಂಚಾಯಿತಿಯಲ್ಲಿ ಇದ್ದೇ ಇರುತ್ತದೆ. ಆ ಪಟ್ಟಿಯಿಂದಲೇ ಖಾತೆಗಳು ಹುಟ್ಟಬೇಕು. ಒಂದು ಖಾತೆಯನ್ನು ಹಲವರು ಬಳಸುವ ಅಭ್ಯಾಸ ಮೊದಲ ದಿನದಿಂದಲೇ ಬೇಡ. "ಪಂಚಾಯಿತಿ ಕಚೇರಿ" ಎಂಬ ಹೆಸರಿನ ಖಾತೆಯ ಪಾಸ್‌ವರ್ಡ್ ಐದು ಜನರಿಗೆ ತಿಳಿದಿದ್ದರೆ, ಅದರಿಂದ ಹೋದ ಸಂದೇಶಕ್ಕೆ ಯಾರೂ ಹೊಣೆಯಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಖಾತೆ ಸದಸ್ಯೆಯದ್ದು, ಫೋನು ಗಂಡನ ಅಥವಾ ಮಗನ ಕೈಯಲ್ಲಿ ಎಂಬಂತಾದರೆ, ಸರ್ವರ್ ಎಷ್ಟು ಕಟ್ಟುನಿಟ್ಟಾಗಿ ಪರಿಶೀಲಿಸಿದರೂ ಕಡತದಲ್ಲಿ ಉಳಿಯುವುದು ಆಕೆಯ ಹೆಸರು, ಆಕೆಯದಲ್ಲದ ಮಾತು. ದೃಢೀಕರಣವು ಯಾವ ಖಾತೆ ಎಂಬುದನ್ನು ಹೇಳಬಲ್ಲದು. ಯಾರ ಬೆರಳು ಎಂಬುದನ್ನು ಹೇಳಲಾರದು. ಆದುದರಿಂದ ತರಬೇತಿಯನ್ನು ಸದಸ್ಯೆಯರಿಗೆ ನೇರವಾಗಿ, ಅವರ ಕೈಯಲ್ಲಿಯೇ ಫೋನಿಟ್ಟು, ಅವರೇ ಪಾಸ್‌ವರ್ಡ್ ಆರಿಸಿಕೊಳ್ಳುವಂತೆ ನಡೆಸಬೇಕು.

ಸಂಕೇತ ಸಿಗದ ಊರಿನ ಸಂದೇಶ

ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗಕ್ಕೆ 2025ರ ಜುಲೈ ತಿಂಗಳಿನಲ್ಲಿ ಸೇತುವೆ ಬಂದಿತು. ಅದಕ್ಕೂ ಮುನ್ನ ಲಾಂಚ್ ತಪ್ಪಿದವರು ದಡದಲ್ಲಿ ಕಾಯುತ್ತಿದ್ದರು. ಮುಂದಿನ ಲಾಂಚ್ ಬಂದಾಗ ದಾಟುತ್ತಿದ್ದರು. ಸಂಕೇತವಿಲ್ಲದ ಜಾಗದಲ್ಲಿ ಬರೆದ ಸಂದೇಶವೂ ಹಾಗೆ ದಡದಲ್ಲಿ ಕಾಯಬೇಕು. ಕಳೆದುಹೋಗಬಾರದು, ಎರಡು ಬಾರಿ ದಾಟಲೂಬಾರದು.

ಇದಕ್ಕಾಗಿ ಫೋನು ಪ್ರತಿ ಸಂದೇಶಕ್ಕೂ ತನ್ನದೇ ಒಂದು ವಿಶಿಷ್ಟ ಚೀಟಿಸಂಖ್ಯೆಯನ್ನು ಅಂಟಿಸಿ ತನ್ನಲ್ಲಿ ಇರಿಸಿಕೊಳ್ಳುತ್ತದೆ. ಸಂಪರ್ಕ ಸಿಕ್ಕಾಗ ಕಳುಹಿಸುತ್ತದೆ. ಸರ್ವರ್ ಅದನ್ನು ಬರೆದುಕೊಂಡು, ಗುಂಪಿನ ಕ್ರಮಸಂಖ್ಯೆ ಕೊಟ್ಟು, ಸ್ವೀಕೃತಿಯನ್ನು ಹಿಂದಿರುಗಿಸುತ್ತದೆ. ಸ್ವೀಕೃತಿ ಬರುವ ಮೊದಲೇ ಸಂಕೇತ ಹೋಯಿತೆನ್ನೋಣ. ಸಂದೇಶ ತಲುಪಿದೆಯೋ ಇಲ್ಲವೋ ಫೋನಿಗೆ ತಿಳಿಯದು. ಅದು ಮತ್ತೆ ಕಳುಹಿಸುತ್ತದೆ. ಅದೇ ಚೀಟಿಸಂಖ್ಯೆಯನ್ನು ಕಂಡ ಸರ್ವರ್ ಎರಡನೆಯ ಬಾರಿ ಬರೆದುಕೊಳ್ಳದೆ ಸ್ವೀಕೃತಿಯನ್ನು ಮಾತ್ರ ಮತ್ತೆ ಕೊಡುತ್ತದೆ. ಈ ವ್ಯವಸ್ಥೆ ಇಲ್ಲದಿದ್ದರೆ ಒಂದು ಮಂಗನ ಸಾವು ಕಡತದಲ್ಲಿ ಮೂರು ಸಾವುಗಳಾಗುತ್ತದೆ. ಹಿಂದಿರುಗಿ ಬಂದ ಫೋನು ತಾನು ಕೊನೆಯದಾಗಿ ನೋಡಿದ್ದು 412ನೆಯ ಸಂದೇಶ ಎಂದು ಹೇಳಿದರೆ, ಸರ್ವರ್ 413ರಿಂದ ಮುಂದಿನವನ್ನು ಕ್ರಮವಾಗಿ ಕೊಡುತ್ತದೆ.

ಕಾಲದ ವಿಷಯದಲ್ಲಿಯೂ ಎಚ್ಚರ ಬೇಕು. ಸದಸ್ಯರೊಬ್ಬರು ಬೆಳಿಗ್ಗೆ 9.40ಕ್ಕೆ ಕಾಡಿನಂಚಿನಲ್ಲಿ ಬರೆದ ಸಂದೇಶ ಸಂಜೆ 4.15ಕ್ಕೆ ಸರ್ವರನ್ನು ತಲುಪಿದರೆ, ತೋರಿಸಬೇಕಾದದ್ದು ಯಾವ ವೇಳೆ? ಎರಡನ್ನೂ ತೋರಿಸಬೇಕು. ಸಂಜೆಯ ವೇಳೆಯನ್ನು ಮಾತ್ರ ತೋರಿಸಿದರೆ ಬೆಳಗಿನಿಂದ ಆ ದಾರಿಯಲ್ಲಿ ನಡೆದಾಡಿದವರನ್ನು ವಿಚಾರಿಸಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ. ಫೋನಿನ ಗಡಿಯಾರ ತಪ್ಪಿರುವ ಸಾಧ್ಯತೆ ಇರುವುದರಿಂದ ಕಡತಕ್ಕೆ ಸರ್ವರಿನ ವೇಳೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು.

ಸಂದೇಶ ಎಲ್ಲರಿಗೂ ತಲುಪಿತು ಎಂಬುದಕ್ಕೂ ಒಬ್ಬರು ಅದರ ಹೊಣೆ ಹೊತ್ತರು ಎಂಬುದಕ್ಕೂ ವ್ಯತ್ಯಾಸವಿದೆ. ನಲವತ್ತು ಜನ ಓದಿದ ಸಂದೇಶದ ಮೇಲೆ ಒಬ್ಬರೂ ಹೊರಡದಿರುವುದು ಗುಂಪುಗಳಲ್ಲಿ ಹೊಸದೇನಲ್ಲ. ಮಂಗನ ಸಾವಿನ ಸಂದೇಶಕ್ಕೆ "ಸ್ವೀಕರಿಸಿದ್ದೇನೆ, ಸ್ಥಳಕ್ಕೆ ಹೋಗುತ್ತಿದ್ದೇನೆ" ಎಂಬ ಒಂದು ಗುಂಡಿ ಇದ್ದು, ಅದನ್ನು ಒತ್ತಿದ ಸಿಬ್ಬಂದಿಯ ಹೆಸರು ಎಲ್ಲರಿಗೂ ಕಾಣುವಂತಿದ್ದರೆ ಅದೊಂದೇ ಕಾರಣಕ್ಕೆ ಈ ತಂತ್ರಾಂಶ ಸಾರ್ಥಕ. ಅದು ನಿರ್ದಿಷ್ಟ ಅವಧಿಯೊಳಗೆ ಬಾರದಿದ್ದರೆ ದೂರವಾಣಿ ಕರೆ ಮಾಡುವುದು; ತುರ್ತು ಚಿಕಿತ್ಸೆಗೆ 108ಕ್ಕೆ ಕರೆ ಮಾಡಲು ಯಾವ ತಂತ್ರಾಂಶವನ್ನೂ ಕಾಯಬೇಕಿಲ್ಲ.

ಅಕ್ಷರದ ವಿಷಯ ಚಿಕ್ಕದಾದರೂ ಕಾಟ ಕೊಡುವಂಥದ್ದು. ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚಿಸಿದ ಸುತ್ತೋಲೆಯನ್ನು ನಕಲಿಸಿ ಹಾಕಿದರೆ ಫೋನಿನಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಬೇಕು. ಎಸ್‌ಎಂಎಸ್ ಮೂಲಕ ಸೂಚನೆ ಕಳುಹಿಸುವುದಾದರೆ ಕನ್ನಡದ ಒಂದು ಎಸ್‌ಎಂಎಸ್‌ಗೆ 160 ಅಲ್ಲ, 70 ಅಕ್ಷರಗಳಷ್ಟೇ ಹಿಡಿಸುತ್ತವೆ. ಒತ್ತು, ಗುಣಿತದ ಚಿಹ್ನೆಗಳೂ ಬೇರೆಯಾಗಿ ಎಣಿಕೆಯಾಗುತ್ತವೆ. ವೆಚ್ಚದ ಅಂದಾಜಿನಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಕಡತವಾಗಿ ಉಳಿಯುವ ಮಾತು

ಇಂತಹ ಸರಳ ತಂತ್ರಾಂಶದಲ್ಲಿ ಸಂದೇಶಗಳು ದಾರಿಯಲ್ಲಿ ಮಾತ್ರ ಗೂಢಲಿಪಿಯಲ್ಲಿರುತ್ತವೆ. ವಿಳಾಸವು ಎಚ್‌ಟಿಟಿಪಿಎಸ್ ಎಂದು ಆರಂಭವಾಗಬೇಕೆನ್ನುವುದು ಅದಕ್ಕಾಗಿಯೇ. ಸರ್ವರನ್ನು ತಲುಪಿದ ಮೇಲೆ ಅದರ ನಿರ್ವಾಹಕರು ಅವನ್ನು ಓದಬಲ್ಲರು. ವಾಟ್ಸ್‌ಆ್ಯಪ್‌ನಲ್ಲಿ ಹಾಗಿಲ್ಲ, ಕಳುಹಿಸಿದವರಿಂದ ಪಡೆದವರವರೆಗೂ ಅಲ್ಲಿ ಗೂಢಲಿಪಿ ಇರುತ್ತದೆ. ಈ ವ್ಯತ್ಯಾಸವನ್ನು ಸದಸ್ಯರಿಗೆ ಮುಚ್ಚಿಡಬಾರದು. ಜ್ವರಪೀಡಿತರ ಹೆಸರು, ಮನೆ, ರಕ್ತಪರೀಕ್ಷೆಯ ಫಲಿತಾಂಶಗಳನ್ನು ಗುಂಪಿನಲ್ಲಿ ಹಾಕಬಾರದು. ಊರು ಮತ್ತು ಸಂಖ್ಯೆ ಸಾಕು, ಉಳಿದದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಕಡತಕ್ಕೆ ಸೇರಿದ್ದು. ವ್ಯಕ್ತಿಗಳ ಡಿಜಿಟಲ್ ಮಾಹಿತಿಯ ರಕ್ಷಣೆಗೆ ಸಂಸತ್ತು 2023ರಲ್ಲಿ ಪ್ರತ್ಯೇಕ ಅಧಿನಿಯಮವನ್ನೇ ರೂಪಿಸಿದೆ. ಇನ್ನೊಂದೆಡೆ, ಕಚೇರಿಯ ಸರ್ವರಿನಲ್ಲಿರುವ ಸಂದೇಶಗಳು ವಿದ್ಯುನ್ಮಾನ ರೂಪದ ಮಾಹಿತಿಯಾದುದರಿಂದ ಮಾಹಿತಿ ಹಕ್ಕು ಅಧಿನಿಯಮ, 2005ರ ವ್ಯಾಪ್ತಿಗೂ ಬರುತ್ತವೆ. ಹೀಗಾಗಿ ಕಳುಹಿಸಿದವರು ಸಂದೇಶವನ್ನು ಸಂಪೂರ್ಣವಾಗಿ ಅಳಿಸಿಹಾಕುವ ಅವಕಾಶ ಇರಬಾರದು. ತಪ್ಪನ್ನು ತಿದ್ದಿದರೆ ತಿದ್ದಿದ ಗುರುತು ಉಳಿಯಬೇಕು. ಗುಂಪಿನಲ್ಲಿ ಎಲ್ಲರೂ ಒಪ್ಪಿಗೆಯ ಚಿಹ್ನೆ ಹಾಕಿದರೆಂದು ಅದು ಸಾಮಾನ್ಯ ಸಭೆಯ ನಿರ್ಣಯವಾಗುವುದಿಲ್ಲ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ, ಆದರೂ ಹೇಳಿರುವುದು ಒಳ್ಳೆಯದು.

ತಂತ್ರಾಂಶವನ್ನು ಸ್ವೀಕರಿಸುವ ಮುನ್ನ ಕಚೇರಿಯಲ್ಲಿಯೇ ಕೆಲವು ಪರೀಕ್ಷೆಗಳನ್ನು ನಡೆಸಬಹುದು. ಒಂದು ಫೋನನ್ನು ಏರೋಪ್ಲೇನ್ ಸ್ಥಿತಿಗೆ ಹಾಕಿ ಎರಡು ಸಂದೇಶ ಬರೆದು, ಹತ್ತು ನಿಮಿಷದ ನಂತರ ಸಂಪರ್ಕ ಕೊಟ್ಟು, ಎರಡೂ ಕ್ರಮವಾಗಿ ಒಂದೊಂದೇ ಬಾರಿ ತಲುಪಿದವೇ ಎಂದು ನೋಡಬೇಕು. ತಪ್ಪು ಪಾಸ್‌ವರ್ಡನ್ನು ಇಪ್ಪತ್ತು ಬಾರಿ ಹಾಕಿ, ತಂತ್ರಾಂಶ ತಡೆಯುತ್ತದೆಯೇ ಎಂದು ನೋಡಬೇಕು. ಬೇರೊಬ್ಬರ ಹೆಸರಿನಲ್ಲಿ ಸಂದೇಶ ಕಳುಹಿಸಲು ಯತ್ನಿಸುವಂತೆ ಹೊರಗಿನ ತಂತ್ರಜ್ಞರೊಬ್ಬರನ್ನು ಕೇಳಿಕೊಳ್ಳಬೇಕು. ರಚಿಸಿದವರನ್ನೇ ಕೇಳುವುದರಿಂದ ಪ್ರಯೋಜನವಿಲ್ಲ. ಕೊನೆಯ ಪರೀಕ್ಷೆ ಅವಧಿ ಮುಗಿದ ಸದಸ್ಯರಿಗೆ ಸಂಬಂಧಿಸಿದ್ದು. ಖಾತೆಯನ್ನು ಮುಚ್ಚಿದರೆ ಹೊಸದಾಗಿ ಲಾಗಿನ್ ಆಗುವುದು ನಿಲ್ಲುತ್ತದೆ, ಆದರೆ ಆಗಲೇ ತೆರೆದಿರುವ ಸಂಪರ್ಕ ತಾನಾಗಿ ಕಡಿಯುವುದಿಲ್ಲ. ಆದುದರಿಂದ ಒಂದು ಫೋನಿನಲ್ಲಿ ಸಂವಾದವನ್ನು ತೆರೆದಿಟ್ಟುಕೊಂಡೇ ಕಚೇರಿಯ ಕಂಪ್ಯೂಟರಿನಿಂದ ಆ ಖಾತೆಯನ್ನು ಮುಚ್ಚಬೇಕು. ನಂತರ ಗುಂಪಿಗೆ ಒಂದು ಸಂದೇಶ ಹಾಕಿ, ಆ ಫೋನಿನಲ್ಲಿ ಅದು ಕಾಣಿಸುತ್ತದೆಯೇ ಎಂದು ನೋಡಬೇಕು. ಕಾಣಿಸಿದರೆ ತಂತ್ರಾಂಶವನ್ನು ತಿದ್ದುಪಡಿಗಾಗಿ ಹಿಂದಿರುಗಿಸತಕ್ಕದ್ದು.